ಕೊರಿಯಾ, ಟಿಬೆಟ್, ಕಾಸರಗೋಡು: ಒಬ್ಬ ಪಣಿಕ್ಕರ್

ಬೊಮ್ಮಸಂದ್ರದಲ್ಲಿ ಕೂತು ಮಾತಾಡ್ತಾ ಇದ್ದೀನಿ. ಏಷ್ಯಾದ ರಾಜಕಾರಣ ನಮ್ಮ ಬಾಗಿಲಿಗೇ ಬರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಳದಿ ಮಾರ್ಗದ ಮೆಟ್ರೊ ರೈಲಿನ ಗುತ್ತಿಗೆ ಚೀನಾದ ಕಂಪನಿಗೆ ಸಿಕ್ಕಿತ್ತು. ಗಲ್ವಾನ್ ನಂತರದ ನಿರ್ಬಂಧಗಳೂ ಸೇರಿ ಎಲ್ಲ ತಡವಾಗಿ, ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ.

ಈ ಚೀನಾವನ್ನು ಮೊದಲೇ ಹತ್ತಿರದಿಂದ ಕಂಡವರು ಕೆ.ಎಂ. ಪಣಿಕ್ಕರ್. 1895ರಲ್ಲಿ ಕುಟ್ಟನಾಡಿನ ಕಾವಾಲಂನಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, ಅಲಿಗಢದಲ್ಲಿ ಪಾಠ ಹೇಳಿದವರು. ಪತ್ರಿಕೆ, ಬಿಕಾನೇರ್ ಸಂಸ್ಥಾನದ ಆಡಳಿತ, ಎಲ್ಲವೂ ಆಯ್ತು. 1945ರಲ್ಲೇ ಹಿಂದೂ ಮಹಾಸಾಗರದ ಬಗ್ಗೆ ಪುಸ್ತಕ ಬರೆದು, ಹಿಮಾಲಯ ಒಂದನ್ನೇ ನೋಡಿದರೆ ಸಾಲದು, ಸಮುದ್ರ ಕೈತಪ್ಪಿದ್ದಕ್ಕೇ ನಾವು ಸ್ವಾತಂತ್ರ್ಯ ಕಳೆದುಕೊಂಡದ್ದು ಎಂದು ವಾದಿಸಿದರು.

1950ರ ಅಕ್ಟೋಬರ್ 3, ನಡುರಾತ್ರಿ ಕಳೆದಿದೆ. ಬೀಜಿಂಗ್‌ನಲ್ಲಿ ರಾಯಭಾರಿಯಾಗಿದ್ದ ಪಣಿಕ್ಕರ್ ಅವರನ್ನು ಚೌ ಎನ್‌ಲಾಯ್ ಕರೆಸಿಕೊಂಡರು. ಅಮೆರಿಕದ ಸೈನ್ಯ ಕೊರಿಯಾದಲ್ಲಿ 38ನೇ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕಿಳಿಯುತ್ತೆ ಅನ್ನೋದು ಸಂದೇಶ. ದೆಹಲಿ ಮೂಲಕ ಅದು ವಾಷಿಂಗ್ಟನ್ ಮುಟ್ಟಿತು. ಅಲ್ಲಿಯವರಿಗೆ ಪಣಿಕ್ಕರ್ ಮೇಲೇ ನಂಬಿಕೆ ಇರಲಿಲ್ಲ, ಬರೀ ಬೆದರಿಕೆ ಅಂದುಕೊಂಡರು. ಅದೇ ತಿಂಗಳು ಚೀನಾ ಸೈನ್ಯ ಯಾಲು ನದಿ ದಾಟಿತು.

ಆದರೆ ಅದೇ ತಿಂಗಳು ಟಿಬೆಟ್‌ಗೂ ಚೀನಾ ಸೈನ್ಯ ನುಗ್ಗಿತು ನೋಡಿ. ನವೆಂಬರ್ 7ರಂದು ನೆಹರೂಗೆ ಬರೆದ ಪತ್ರದಲ್ಲಿ ಸರ್ದಾರ್ ಪಟೇಲರು ರಾಯಭಾರಿಯ ಧೋರಣೆಯನ್ನೇ ಟೀಕಿಸಿದರು. ಕೊರಿಯಾದಲ್ಲಿ ಚೀನಾದ ಮನಸ್ಸು ಓದಿದವರು ಟಿಬೆಟ್ ವಿಷಯದಲ್ಲಿ ಅದರ ಮಾತು ನಂಬಿಬಿಟ್ಟರು ಅಂತಲೇ ನನಗನ್ನಿಸುತ್ತೆ.

ಕನ್ನಡಿಗರಿಗೆ ಅವರ ಹೆಸರು ಕಹಿಯಾದದ್ದು ಬೇರೆ ಕಾರಣಕ್ಕೆ. ಫಜಲ್ ಅಲಿ, ಕುಂಜ್ರು ಜೊತೆ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂರನೇ ಸದಸ್ಯ ಇವರೇ. 1955ರ ವರದಿ ಕನ್ನಡ ಸೀಮೆಗಳನ್ನು ಒಂದು ಮಾಡಿತು, ಕಾಸರಗೋಡನ್ನು ಕೇರಳಕ್ಕೆ ಕೊಟ್ಟಿತು. ಮಲಯಾಳಿ ಸದಸ್ಯನದೇ ಕೈವಾಡ ಅಂತ ಈಗಲೂ ಹೇಳೋರಿದ್ದಾರೆ. ಮೂವರು ಸಹಿ ಹಾಕಿದ ವರದಿಗೆ ಒಬ್ಬರನ್ನೇ ಹೊಣೆ ಮಾಡೋದನ್ನು ನಾನು ಒಪ್ಪಲ್ಲ. ಆದರೆ ಕಾಸರಗೋಡಿನ ಕನ್ನಡಿಗರ ನೋವು ಸುಳ್ಳಲ್ಲ. ಚಂದ್ರಗಿರಿ ನದಿಯ ಉತ್ತರಭಾಗ ನಮಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ ಜಾರಿಯಾಗಲಿಲ್ಲ.

ಅದೇ ವರದಿಯಿಂದ ದೊಡ್ಡದಾದ ಮೈಸೂರು ರಾಜ್ಯಕ್ಕೇ ಪಣಿಕ್ಕರ್ ಕೊನೆಗೆ ಬಂದರು, ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿ. ಈಗ ಕುಲಪತಿ ಅಂತೀವಲ್ಲ, ಆ ಹುದ್ದೆ. ಶಾಮಾಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಪ್ರಕಟಿಸಿದ ಊರು ಅದು. ಭಾರತೀಯ ರಾಜ್ಯಚಿಂತನೆ ಬಗ್ಗೆ ಬರೆದಿದ್ದ ಪಣಿಕ್ಕರ್ 1963ರ ಡಿಸೆಂಬರ್ 10ರಂದು ಅಲ್ಲೇ ತೀರಿಕೊಂಡರು. ಚೀನಾ ಯುದ್ಧ ನಿಂತು ಆಗ ಒಂದು ವರ್ಷ ಆಗಿತ್ತು.