ಗೂಡಿನ ಮರಿಗೆ ಹುಳುವಿನ ಊಟ: ಚಾಮರಾಜನಗರ ಸೀಮೆಯ ಹಿತ್ತಿಲ ಹಕ್ಕಿಗಳ ಬಗ್ಗೆ ಒಂದು ಟಿಪ್ಪಣಿ

ಸಾಲಿಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಬಿಳಿಗಿರಿರಂಗನ ಬೆಟ್ಟವನ್ನೂ ಸುತ್ತಿದ್ದರು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಈ ಸೀಮೆಗೆ ಹಕ್ಕಿ ನೋಡಲು ಬರುವವರು ಇಂದಿಗೂ ಕಾಡಿನ ಕಡೆಗೇ ಹೋಗುತ್ತಾರೆ. ಈ ಟಿಪ್ಪಣಿ ಹಿತ್ತಿಲಿಗೆ ಸಂಬಂಧಿಸಿದ್ದು: ಮನೆಯ ಹತ್ತಿರ ಗೂಡು ಕಟ್ಟುವ ಹಕ್ಕಿಗಳು ಮರಿಗಳಿಗೆ ಏನು ತಿನ್ನಿಸುತ್ತವೆ?

ಗುಬ್ಬಚ್ಚಿ, ಗೀಜಗಗಳು ಕಾಳು ತಿನ್ನುತ್ತವೆ. ಪಿಕಳಾರಕ್ಕೆ ಹಣ್ಣು, ಸೂರಕ್ಕಿಗೆ ಮಕರಂದ. ಮೊಟ್ಟೆಯೊಡೆದು ಮರಿ ಬಂದಾಗ ಮಾತ್ರ ಈ ನಾಲ್ಕೂ ಹಸಿರುಹುಳು, ಜೇಡ, ಮಿಡತೆಗಳ ಬೇಟೆಗೆ ಇಳಿಯುತ್ತವೆ. ಪಿಕಳಾರದ ಮರಿ ಕಣ್ಣು ಬಿಡದೆ, ಬರಿಮೈಯಲ್ಲಿ ಹುಟ್ಟಿ, ಎರಡು ವಾರದೊಳಗೆ ಗೂಡು ಬಿಡುತ್ತದೆ. ಅಷ್ಟು ಬೇಗ ಮೈ ತುಂಬಿ ಗರಿ ಬಲಿಯಲು ಬೇಕಾದ ಪ್ರೋಟೀನು ಲಂಟಾನದ ಹಣ್ಣಿನಿಂದ ಸಿಗುವುದಿಲ್ಲ. ಗೂಡು ಬಿಟ್ಟ ಮರಿಗೆ ಹಾರಾಟವೂ ಸರಿಯಾಗಿ ಬಂದಿರುವುದಿಲ್ಲ. ಅದು ಬೇಲಿಯ ಬುಡದಲ್ಲಿ ಕೂತು ಕೂಗುತ್ತದೆ, ತಾಯಿ ತಂದೆ ಅಲ್ಲಿಗೇ ಗುಟುಕು ತರುತ್ತವೆ. ಅಂಥ ಮರಿಯನ್ನು ಅನಾಥವೆಂದು ಮನೆಗೆ ತಂದು ಹಾಲನ್ನ ಇಟ್ಟರೆ ಅದು ಬದುಕುವುದು ಕಷ್ಟ.

ಮರಿಗೆ ಹುಳು ತಿನ್ನಿಸುವ ಈ ರೂಢಿಗೆ ಅಪವಾದ ಬೆಳವ. ಗಂಡು ಹೆಣ್ಣು ಎರಡೂ ಗಂಟಲ ಚೀಲದ ಒಳಪೊರೆಯಲ್ಲಿ ಊರುವ ಮೊಸರಿನಂಥ ಆಹಾರವನ್ನು ಮರಿಗೆ ಕೊಡುತ್ತವೆ. ಹುಳುವಿನ ಹಂಗಿಲ್ಲದ್ದರಿಂದಲೇ ಬೆಳವ ವರ್ಷದ ಬಹುಪಾಲು ಮರಿ ಮಾಡಬಲ್ಲದು.

ಮರಿಗಳಿಗೆ ಹುಳು ಸಾಲುತ್ತಿದೆಯೇ ಎಂದು ತಿಳಿಯಲು ಈ ಅಪವಾದವನ್ನೇ ಅಳತೆಗೋಲಾಗಿ ಬಳಸಬಹುದು. ಗುಂಡ್ಲುಪೇಟೆ ಕಡೆಯ ಟೊಮ್ಯಾಟೊ, ಚೆಂಡುಹೂವಿನ ಹೊಲಗಳಿಗೆ ಔಷಧಿ ಹೊಡೆಯುವುದು ಮಾಮೂಲು. ಸಂತೇಮರಹಳ್ಳಿ ಸುತ್ತಿನ ಹಿಪ್ಪುನೇರಳೆ ತೋಟದಲ್ಲಿ ಮನಬಂದಂತೆ ಹೊಡೆಯುವಂತಿಲ್ಲ, ಸೊಪ್ಪು ತಿಂದ ರೇಷ್ಮೆಹುಳುವೇ ಸತ್ತೀತು. ಎರಡೂ ಕಡೆ ಬೆಳವದ ಮರಿಗಳು ಸಮನಾಗಿ ಬೆಳೆದು, ಪಿಕಳಾರದ ಮರಿಗಳು ಹೊಲದ ಕಡೆ ಮಾತ್ರ ಸೊರಗಿದರೆ, ಮೊದಲು ಶಂಕಿಸಬೇಕಾದ್ದು ಹುಳುವಿನ ಕೊರತೆಯನ್ನು. ಏಕೆಂದರೆ ಬೆಕ್ಕಿಗೂ ಕಾಗೆಗೂ ಬೆಳವದ ಮರಿಯೂ ಒಂದೇ, ಪಿಕಳಾರದ ಮರಿಯೂ ಒಂದೇ. ಹುಳುವಿನ ಕೊರತೆಯೆಂಬುದು ಸದ್ಯಕ್ಕೆ ಊಹೆ. ಹೋಲಿಕೆಯೂ ಒಂದೇ ಮಳೆ ಬಿದ್ದ ಜಾಗಗಳ ನಡುವೆ ನಡೆಯಬೇಕು. ಭರಣಿ ಮಳೆ ಬಿದ್ದ ಹೊಲದ ಹುಳುವಿನ ಲೆಕ್ಕ ಬೇರೆ, ಬೀಳದ ಹೊಲದ್ದು ಬೇರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದೂ ಬೇಟೆಯೆಂದೇ ಎಣಿಕೆ. ಆದ್ದರಿಂದ ತೆರಕಣಾಂಬಿ, ಬೇಗೂರು, ಸಂತೇಮರಹಳ್ಳಿಯ ಓದುಗರು ಕೊಂಬೆ ಸರಿಸದೆ ದೂರದಿಂದಲೇ ನೋಡಿ, ತಾಯಿಹಕ್ಕಿಯ ಕೊಕ್ಕಿನಲ್ಲಿದ್ದದ್ದು ಹುಳುವೋ ಹಣ್ಣೋ ಎಂಬುದನ್ನು ತಾರೀಖಿನೊಂದಿಗೆ ಬರೆದಿಡಬೇಕು. ಪಕ್ಕದ ಹೊಲಕ್ಕೆ ಔಷಧಿ ಹೊಡೆದ ದಿನವನ್ನೂ ಅದೇ ಪುಟದಲ್ಲಿ ಗುರುತು ಹಾಕಿಕೊಳ್ಳಿ.