ತಾಮ್ರಪಟದಿಂದ ಜಾಲತಾಣದವರೆಗೆ

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಹೊಳೆಯಾಚೆಯ ಹಳ್ಳಿಯವನು, ಅವನಿಗೂ ಈಗ ಐವತ್ತು ದಾಟಿದೆ. ಕೈಯಲ್ಲಿ ಪಹಣಿ, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು. "ಮೇಷ್ಟ್ರೇ, ಎರಡು ಕಂತು ದುಡ್ಡು ಬಂದಿಲ್ಲ. ಕಂಪ್ಯೂಟರ್‌ನಲ್ಲಿ ಹೆಸರು ತಾಳೆ ಆಗ್ತಿಲ್ಲ ಅಂತಾರೆ. ಇದ್ರಲ್ಲಿ ಏನ್ ಬರ್ದದೆ ಒಸಿ ನೋಡಿ ಸಾ" ಎಂದು ಮೊಬೈಲನ್ನು ಮುಂದೆ ಹಿಡಿದನು. ಜಾಲತಾಣದ ಆ ಪುಟದ ನೆತ್ತಿಯ ಮೇಲೆ ರೈತನೇ ದೇಶದ ಬೆನ್ನೆಲುಬೆಂದು ಸೊಗಸಾದ ಕನ್ನಡದಲ್ಲಿ ಬರೆದಿತ್ತು. ಅದರ ಕೆಳಗೆ, ಹೆಸರಿನ ತಿದ್ದುಪಡಿಗೆ ಹದಿನೈದು ದಿನಗಳ ಅವಕಾಶವಿದೆ ಎಂಬ ಸೂಚನೆ ಮಾತ್ರ ಇಂಗ್ಲಿಷಿನಲ್ಲಿತ್ತು. ಹದಿನೈದು ದಿನಗಳು ಕಳೆದು ಆಗಲೇ ತಿಂಗಳಾಗಿತ್ತು.

ಪಹಣಿಯಲ್ಲಿ ಅವನ ಹೆಸರು ಕನ್ನಡದಲ್ಲಿ ಸ್ಪಷ್ಟವಾಗಿದೆ; ಅನುಮಾನಕ್ಕೆ ಎಡೆಯಿಲ್ಲ. ಇಂಗ್ಲಿಷಿಗೆ ಹೋದೊಡನೆ ಒಂದು ಹೆಸರು ಮೂರಾಯಿತು. ನಮ್ಮ ಸೀಮೆಯ ಹೆಸರುಗಳ ಕೊನೆಗೆ ಬರುವ 'ಅಯ್ಯ'ವನ್ನು ಎ-ಐ-ಎ-ಎಚ್ ಎಂದೂ ಬರೆಯಬಹುದು, ಎ-ವೈ-ವೈ-ಎ ಎಂದೂ ಬರೆಯಬಹುದು. ಬ್ಯಾಂಕಿನವರು ಒಂದು ರೀತಿ ಬರೆದಿದ್ದರು. ಜಾಲತಾಣದ ಯಂತ್ರವು ಇನ್ನೊಂದು ರೀತಿ ಮಾಡಿಕೊಂಡಿತ್ತು. ಆಧಾರಿನಲ್ಲಿ ಮೂರನೆಯದು. ಆ ಮೂರನೆಯದು ಎಲ್ಲಿಂದ ಬಂತೆಂದು ಕೇಳಿದರೆ, "ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇದ್ದ ಹಾಗೆ ಬರ್ಸಿದ್ದೆ ಸಾ" ಎಂದನು. ಪರೀಕ್ಷೆಯ ಅರ್ಜಿಯಲ್ಲಿ ಆ ಕಾಗುಣಿತವನ್ನು ಬರೆದುಕೊಟ್ಟವನು ನಾನೇ. ಆ ವರ್ಷ ಒಂದೇ ಮಧ್ಯಾಹ್ನದಲ್ಲಿ ನಲವತ್ತು ಅರ್ಜಿಗಳನ್ನು ತುಂಬಿದ ನೆನಪು. ಮಾತು ಹೊರಡದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆನು.

ಅವನು ಹೋದ ಮೇಲೆ ಗಂಗರ ತಾಮ್ರಪಟಗಳು ಮನಸ್ಸಿಗೆ ಬಂದವು. ತರಗತಿಯಲ್ಲಿ ತಲಕಾಡಿನ ವಿಷಯ ಬಂದಾಗಲೆಲ್ಲ ನಾನು ಪಾಠ ಬಿಟ್ಟು ಎತ್ತಲೋ ಹೋಗುತ್ತಿದ್ದೆನೆಂಬುದು ನಿಮಗೆ ತಿಳಿದದ್ದೇ. ಗಂಗರ ಕಾಲದ ಅನೇಕ ದಾನಶಾಸನಗಳಲ್ಲಿ ಒಂದು ಕ್ರಮವನ್ನು ಕಾಣಬಹುದು. ರಾಜನ ವಂಶಾವಳಿ, ಶೌರ್ಯ, ಬಿರುದುಗಳ ವರ್ಣನೆಯೆಲ್ಲ ಸಂಸ್ಕೃತದಲ್ಲಿರುತ್ತದೆ. ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವ ಹೊತ್ತಿಗೆ ಭಾಷೆ ಕನ್ನಡಕ್ಕೆ ತಿರುಗುತ್ತದೆ: ಮೂಡಲಿಗೆ ಯಾವ ಕೆರೆ, ತೆಂಕಲಿಗೆ ಯಾವ ಹುಣಸೆಯ ಮರ, ಪಡುವಲಿಗೆ ಯಾವ ಕಲ್ಲು. ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ಒಕ್ಕಲಿಗನಿಗೆ ನಷ್ಟವಿಲ್ಲ. ಎಲ್ಲೆ ಮಾತ್ರ ಅವನಿಗೆ ತಿಳಿಯುವ ಮಾತಿನಲ್ಲಿರಬೇಕು. ನನ್ನ ವಿದ್ಯಾರ್ಥಿಯ ಮೊಬೈಲಿನಲ್ಲಿ ಈ ಕ್ರಮವು ತಲೆಕೆಳಗಾಗಿತ್ತು: ಹೊಗಳಿಕೆ ಕನ್ನಡದಲ್ಲಿ, ಎಲ್ಲೆ ಇಂಗ್ಲಿಷಿನಲ್ಲಿ.

ನಮ್ಮ ತಾಲ್ಲೂಕಿನಲ್ಲಿ ಆಡಳಿತವು ಒಂದೇ ಭಾಷೆಯಲ್ಲಿ ನಡೆದ ಕಾಲ ಕಡಿಮೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ತಲಕಾಡನ್ನು ಹಿಡಿದು ಅದಕ್ಕೆ ರಾಜರಾಜಪುರವೆಂದು ಹೆಸರಿಟ್ಟರು. ಅವರು ಬಿಟ್ಟುಹೋದ ತಮಿಳು ಶಾಸನಗಳು ಇಲ್ಲಿ ಸಾಕಷ್ಟಿವೆ. 1116ರ ಸುಮಾರಿಗೆ ವಿಷ್ಣುವರ್ಧನನು ಅದನ್ನು ಗೆದ್ದು 'ತಲಕಾಡುಗೊಂಡ' ಎನಿಸಿಕೊಂಡನು. 1258ರಲ್ಲಿ ಸೋಮನಾಥ ದಂಡನಾಯಕನು ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿದನು. ಬಾಗಿಲಲ್ಲೇ ಶಾಸನದ ಕಲ್ಲು ನಿಂತಿದೆ. ಪ್ರವಾಸಕ್ಕೆ ಹೋದಾಗ ನಿಮ್ಮನ್ನು ಅದರ ಮುಂದೆ ಬಿಸಿಲಿನಲ್ಲಿ ನಿಲ್ಲಿಸಿದ್ದಕ್ಕೆ ಈಗಲೂ ನನ್ನನ್ನು ಬೈಯುವವರಿದ್ದಾರೆ! ಇನ್ನು ತಹಸೀಲ್ದಾರ್, ಶಿರಸ್ತೇದಾರ್, ಜಮಾಬಂದಿ, ಖರಾಬು ಎಂಬ ಮಾತುಗಳು ಪಾರಸಿಯ ದಾರಿಯಿಂದ ಬಂದು ನಮ್ಮವೇ ಆಗಿಹೋಗಿವೆ.

ಈ ಕಲ್ಲುಗಳನ್ನೆಲ್ಲ ಓದಿಸಿದ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟವನ್ನು 1894ರಲ್ಲಿ ಹೊರತಂದರು. ತಿರುಮಕೂಡಲು ನರಸೀಪುರ, ನಂಜನಗೂಡು ಎರಡೂ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಮೂಲ ಪಾಠ ಕನ್ನಡ ಲಿಪಿಯಲ್ಲಿ, ಅದೇ ಪಾಠ ರೋಮನ್ ಲಿಪಿಯಲ್ಲಿ, ಬಳಿಕ ಇಂಗ್ಲಿಷ್ ಅನುವಾದ. ಸರ್ಕಾರವೇ ಅಚ್ಚುಹಾಕಿಸಿದ ಗ್ರಂಥವಿದು. ಮೂಲವನ್ನು ಕೈಬಿಡದೆ ಪಕ್ಕದಲ್ಲೇ ಅನುವಾದವನ್ನಿಟ್ಟ ಈ ಪದ್ಧತಿ ನೂರಮೂವತ್ತು ವರ್ಷಗಳ ಹಿಂದೆಯೇ ನಮ್ಮಲ್ಲಿತ್ತು.

ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯಾಗಿಸಿದ ಕಾಯಿದೆ 1963ರದು. ಅದು ಕಚೇರಿಯ ಮೇಜಿಗೆ ತಲುಪಲು ದಶಕಗಳೇ ಹಿಡಿದವು. ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಕಾಯಿದೆಯ ಬಲ ಬಂದದ್ದು 1994ರಲ್ಲಿ. ಅಷ್ಟರಲ್ಲಿ ಗಣಕಯಂತ್ರ ಬಂದು, ಹೊಸ ತೊಡಕೊಂದು ಎದುರಾಯಿತು.

ಆಗಿನ ಕನ್ನಡ ತಂತ್ರಾಂಶಗಳಲ್ಲಿ ಬಹುಪಾಲು, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಅದೇ ಫಾಂಟ್ ಇರುವ ಯಂತ್ರದಲ್ಲಿ ಅದು ಕನ್ನಡವಾಗಿ ಕಾಣುತ್ತಿತ್ತು. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹುಡುಕಿದರೆ ಸಿಗದು, ಬೇರೆಡೆಗೆ ಒಯ್ದರೆ ಓದಲಾಗದು. ಈ ಗೊಂದಲದ ನಡುವೆ ಕೆಲವರು ಮಾಡಿದ ಕೆಲಸ ದೊಡ್ಡದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಸರ್ಕಾರವು ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಸಿದ್ಧಪಡಿಸಿತು. ಶೇಷಾದ್ರಿ ವಾಸು ಅವರ 'ಬರಹ' 1998ರಲ್ಲೇ ಬಂದಿತ್ತು. ಪೂರ್ಣಚಂದ್ರ ತೇಜಸ್ವಿಯವರು ಕಾದಂಬರಿ ಬರೆಯುವುದನ್ನು ಬಿಟ್ಟು ಕನ್ನಡ ತಂತ್ರಾಂಶಕ್ಕಾಗಿ ಜಗಳವಾಡುತ್ತಿದ್ದಾರೆಂದು ಆಗ ಆಡಿಕೊಂಡವರಲ್ಲಿ ನಾನೂ ಒಬ್ಬ. ಅವರ ಜಗಳ ಏತಕ್ಕೆಂಬುದು ನನಗೆ ತಡವಾಗಿ ತಿಳಿಯಿತು.

ತೊಡಕಿನ ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿಯನ್ನು ಬಿಟ್ಟುಕೊಟ್ಟಿದ್ದರು. ಅಲ್ಲಿ 'ಅ' ಎಂಬುದು ಜಗತ್ತಿನ ಯಾವ ಯಂತ್ರದಲ್ಲಾದರೂ 'ಅ' ಎಂದೇ ಇರುತ್ತದೆ. ಮನೆ ಸಿದ್ಧವಿದ್ದರೂ ನಮ್ಮ ಕಚೇರಿಗಳು ಒಕ್ಕಲು ಬರಲು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ತಡಮಾಡಿದವು. ಇಂದಿಗೂ ಕೆಲವು ಆದೇಶಗಳನ್ನು ಚಿತ್ರದಂತೆ ಸ್ಕ್ಯಾನ್ ಮಾಡಿ ಹಾಕುತ್ತಾರೆ. ಕಣ್ಣಿಗೆ ಅದು ಕನ್ನಡ; ಹುಡುಕುವ ಯಂತ್ರಕ್ಕೆ ಅದು ಬರಿಯ ಫೋಟೋ.

ಆದರೂ ನಾವು ಹೆಮ್ಮೆಪಡಬೇಕಾದ ಒಂದು ಕೆಲಸವಿದೆ. 2002ರ ವೇಳೆಗೆ ಪೂರ್ಣಗೊಂಡ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು, ಅದೂ ಕನ್ನಡದಲ್ಲಿ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಕೈಗೆ ಬರುತ್ತಿತ್ತು. ಗಂಗರ ಕ್ರಮವನ್ನು ಅರಿತೋ ಅರಿಯದೆಯೋ ಅಲ್ಲಿ ಪಾಲಿಸಿದ್ದರು. ಇಂದು ಜಿಲ್ಲೆಯ ಜಾಲತಾಣವೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆ. ಕೇಂದ್ರದ ತಾಣಗಳ ವಿಷಯ ಬೇರೆ. ಕೇಂದ್ರದ ರಾಜಭಾಷಾ ಕಾಯಿದೆಯೂ 1963ರದೇ. ಅದು ಕಡ್ಡಾಯ ಮಾಡುವುದು ಹಿಂದಿ, ಇಂಗ್ಲಿಷ್‌ಗಳನ್ನು ಮಾತ್ರ; ಉಳಿದ ಭಾಷೆಗಳು ಕೃಪೆಯಿಂದ ಬರಬೇಕು. ಯೂರೋಪಿನವರು 1958ರಲ್ಲಿ ನಾಲ್ಕು ಭಾಷೆಗಳಿಂದ ಹೊರಟು ಈಗ 24 ಭಾಷೆಗಳಲ್ಲಿ ಆಡಳಿತ ನಡೆಸುತ್ತಿದ್ದಾರೆ. ಗಡಿಯಾಚೆ ಕಾಸರಗೋಡಿನ ನಮ್ಮವರಿಗೆ, ಸರ್ಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೇರಳದ 1969ರ ಕಾಯಿದೆಯು ಕೊಟ್ಟಿದೆ.

2022ರಲ್ಲಿ ಆರಂಭವಾದ 'ಭಾಷಿಣಿ'ಯಂಥ ಯಂತ್ರಾನುವಾದಗಳು ಎಲ್ಲವನ್ನೂ ಬಗೆಹರಿಸುತ್ತವೆಂದು ಮೊಮ್ಮಗನು ಹೇಳುತ್ತಾನೆ. ಇರಬಹುದು. ಆದರೆ 'ಖರಾಬು' ಎಂದರೆ ನಿಘಂಟಿನಲ್ಲಿ ಕೆಟ್ಟದ್ದು, ಪಹಣಿಯಲ್ಲಿ ಸಾಗುವಳಿಗೆ ಬಾರದ ಭಾಗ. ಒಬ್ಬ ಗ್ರಾಮಲೆಕ್ಕಿಗನಾದರೂ ಅನುವಾದವನ್ನು ಓದಿ ನೋಡುವುದು ಒಳ್ಳೆಯದೆಂದು ನನ್ನ ಮತ.

ನನ್ನ ವಿದ್ಯಾರ್ಥಿಯ ಕೆಲಸಕ್ಕೆ ಆಧಾರ ಸಿಕ್ಕಿದ್ದು ಸಂವಿಧಾನದ 350ನೆಯ ವಿಧಿಯಲ್ಲಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಅದು ಹೇಳುತ್ತದೆ. ವಿಧಿಯ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ನಮೂದಿಸಿ, ಹೆಸರಿನ ಮೂರು ಕಾಗುಣಿತಗಳ ಚರಿತ್ರೆಯನ್ನು ವಿವರಿಸಿ, ಮೂರನೆಯದು ನನ್ನ ಕೈಬರಹವೆಂದು ಒಪ್ಪಿಕೊಂಡು, ಎರಡು ಪುಟ ಕನ್ನಡದಲ್ಲಿ ಬರೆದುಕೊಟ್ಟೆನು. ಅವನು ಕೆಳಗೆ ಸಹಿ ಮಾಡಿದನು. ಮೂರು ತಿಂಗಳ ಬಳಿಕ ಒಂದು ಕಂತು ಬಂದಿದೆ, ಇನ್ನೊಂದು ಬರಬೇಕು.

ನನ್ನಲ್ಲಿ ಹತ್ತನೆಯ ತರಗತಿ ಓದಿದವರು ಅಂಕಪಟ್ಟಿಯನ್ನು ತೆಗೆದು, ಇಂಗ್ಲಿಷಿನಲ್ಲಿ ನಿಮ್ಮ ಹೆಸರು ಹೇಗಿದೆಯೆಂದು ಆಧಾರಿನೊಡನೆ ಒಮ್ಮೆ ತಾಳೆ ನೋಡಿ. ವ್ಯತ್ಯಾಸವಿದ್ದರೆ ತಿಳಿಸಿ, ಕೈ ನಡುಗದಿರುವಾಗಲೇ ಬರೆದುಕೊಡುತ್ತೇನೆ.