ಹೇಳಲಾಗದ ಗುಣ, ಹೇಳಬಲ್ಲ ಪಾತ್ರ: ಮೂರು ಅಮೆರಿಕನ್ ಹದಿಹರೆಯದ ಕಾದಂಬರಿಗಳಲ್ಲಿ ಪಾತ್ರವಿಕಾಸದ ಬಗೆ

ಕಾದಂಬರಿಯ ಪಾತ್ರವೊಂದು ಬೆಳೆಯಿತು ಎಂದು ವಿಮರ್ಶೆಯಲ್ಲಿ ಹೇಳುವಾಗ ಎರಡು ಬೇರೆ ಸಂಗತಿಗಳು ಒಂದೇ ಮಾತಿನಲ್ಲಿ ಬೆರೆತುಹೋಗುತ್ತವೆ. ಕಥೆಯ ಆರಂಭದಲ್ಲಿ ಪಾತ್ರದಲ್ಲಿಲ್ಲದ ಗುಣವೊಂದು ಕಥೆ ಮುಗಿಯುವ ಹೊತ್ತಿಗೆ ಅದರಲ್ಲಿ ನೆಲೆಗೊಳ್ಳುವುದು ಮೊದಲನೆಯದು. ಇದನ್ನು ಪಾತ್ರವಿಕಾಸ ಎನ್ನಬಹುದು. ಆರಂಭದಿಂದಲೂ ಇದ್ದ ಗುಣವೊಂದು ಓದುಗನಿಗೆ ಹಂತಹಂತವಾಗಿ ಗೋಚರವಾಗುವುದು ಎರಡನೆಯದು. ಇದನ್ನು ಗುಣಪ್ರಕಾಶನ ಎಂದು ಕರೆಯಬಹುದು. ವಯಸ್ಕರ ಕಾದಂಬರಿಗಳಲ್ಲಿ ಇವನ್ನು ಬಹುಮಟ್ಟಿಗೆ ಬಿಡಿಸಿ ನೋಡಲು ಸಾಧ್ಯವಿದ್ದರೂ, ಹದಿಹರೆಯದವರನ್ನೇ ಕೇಂದ್ರದಲ್ಲಿರಿಸಿ ಅವರ ಓದಿಗಾಗಿಯೇ ಬರೆದ ಕಾದಂಬರಿಗಳಲ್ಲಿ ಇವು ಒಂದರಿಂದ ಒಂದು ಬಿಡಿಸಿಕೊಳ್ಳುವುದಿಲ್ಲ ಎಂಬುದು ಈ ಲೇಖನದ ವಾದ. ಇಂಥ ಕಾದಂಬರಿಯ ನಾಯಕ ಅಥವಾ ನಾಯಕಿ ತನ್ನೊಳಗೆ ಆಗಲೇ ಇದ್ದು ತನಗೇ ಹೇಳಿಕೊಳ್ಳಲಾಗದಿದ್ದ ಗುಣವೊಂದನ್ನು ಗುರುತಿಸಿ ಅದಕ್ಕೆ ಮಾತು ಕೊಡುವ ಶಕ್ತಿಯನ್ನು ಪಡೆಯುವುದರಲ್ಲಿಯೇ ಬೆಳವಣಿಗೆ ಅಡಗಿರುತ್ತದೆ. ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ (1967), ರಾಬರ್ಟ್ ಕಾರ್ಮಿಯರ್ ಅವರ ‘ದಿ ಚಾಕೊಲೇಟ್ ವಾರ್’ (1974) ಮತ್ತು ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ (1999) ಎಂಬ ಮೂರು ಅಮೆರಿಕನ್ ಕೃತಿಗಳ ಆಧಾರದ ಮೇಲೆ ಈ ವಾದವನ್ನು ಇಲ್ಲಿ ಪರೀಕ್ಷಿಸಲಾಗಿದೆ.

ಪಾತ್ರಚರ್ಚೆಯಲ್ಲಿ ಇಂದಿಗೂ ಬಳಕೆಯಲ್ಲಿರುವ ಚಪ್ಪಟೆ ಪಾತ್ರ ಮತ್ತು ದುಂಡು ಪಾತ್ರ ಎಂಬ ವಿಂಗಡಣೆಯನ್ನು ಇ. ಎಂ. ಫಾರ್ಸ್ಟರ್ ಅವರು 1927ರಲ್ಲಿ ಪ್ರಕಟವಾದ ‘ಆಸ್ಪೆಕ್ಟ್ಸ್ ಆಫ್ ದಿ ನಾವೆಲ್’ ಕೃತಿಯಲ್ಲಿ ಮುಂದಿಟ್ಟರು. ಒಂದೇ ಗುಣದ ಸುತ್ತ ಕಟ್ಟಿದ್ದು ಚಪ್ಪಟೆ ಪಾತ್ರ. ನಂಬುವಂಥ ರೀತಿಯಲ್ಲಿ ಓದುಗನನ್ನು ಅಚ್ಚರಿಗೊಳಿಸಬಲ್ಲದ್ದು ದುಂಡು ಪಾತ್ರ. ಈ ವಿಂಗಡಣೆ ಅಚ್ಚರಿಯನ್ನು ಓದುಗನ ಕಡೆಯಿಂದಷ್ಟೇ ಅಳೆಯುತ್ತದೆ; ಪಾತ್ರವು ತನ್ನ ವಿಷಯದಲ್ಲಿ ತಾನೇ ಅಚ್ಚರಿಗೊಳ್ಳುವ ಸಾಧ್ಯತೆ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಹದಿಹರೆಯದ ಕಾದಂಬರಿಯ ಜೀವಾಳ ಇರುವುದು ಈ ಎರಡನೆಯ ಅಚ್ಚರಿಯಲ್ಲಿ. ಇದರ ಹಿಂದೆ ಗಯಟೆಯ ‘ವಿಲ್‌ಹೆಲ್ಮ್ ಮೈಸ್ಟರ್’ (1795–96) ಕಾದಂಬರಿಯನ್ನು ಮಾದರಿಯೆಂದು ಎತ್ತಿಹಿಡಿಯುವ ಬಿಲ್ಡುಂಗ್ಸ್‌ರೋಮಾನ್, ಅಂದರೆ ಯುವಕನೊಬ್ಬ ಅನುಭವಗಳ ಮೂಲಕ ರೂಪುಗೊಂಡು ಸಮಾಜದಲ್ಲಿ ತನ್ನ ನೆಲೆ ಕಂಡುಕೊಳ್ಳುವುದನ್ನು ಚಿತ್ರಿಸುವ ಕಾದಂಬರಿಯ ಪರಂಪರೆಯಿದೆ. ಆದರೆ ಅಲ್ಲಿ ನಾಯಕ ಪ್ರೌಢಾವಸ್ಥೆಯನ್ನು ತಲುಪುತ್ತಾನೆ. ಇಲ್ಲಿ ಕಥೆ ಕೆಲವು ವಾರ, ಕೆಲವು ತಿಂಗಳು, ಹೆಚ್ಚೆಂದರೆ ಒಂದು ಶಾಲಾವರ್ಷದಲ್ಲಿ ಮುಗಿದುಹೋಗುತ್ತದೆ. ಹದಿಹರೆಯದ ಸಾಹಿತ್ಯವನ್ನು ಕುರಿತ ‘ಡಿಸ್ಟರ್ಬಿಂಗ್ ದಿ ಯೂನಿವರ್ಸ್’ (2000) ಎಂಬ ಅಧ್ಯಯನದಲ್ಲಿ ರಾಬರ್ಟಾ ಸೀಲಿಂಗರ್ ಟ್ರೈಟ್ಸ್ ಅವರು, ಶಾಲೆ, ಕುಟುಂಬ, ಧರ್ಮದಂಥ ಸಂಸ್ಥೆಗಳ ಅಧಿಕಾರದೊಡನೆ ಹೇಗೆ ವ್ಯವಹರಿಸಬೇಕೆಂಬುದನ್ನು ಈ ಕಾದಂಬರಿಗಳ ನಾಯಕರು ಕಲಿಯುತ್ತಾರೆ ಎಂದು ತೋರಿಸಿದ್ದಾರೆ. ಈ ಒಳನೋಟ ಮಹತ್ವದ್ದು; ಆದರೆ ಅಧಿಕಾರದೊಡನೆ ನಡೆಯುವ ಈ ವ್ಯವಹಾರವು ಪಾತ್ರದ ಮಾತಿನ ರಚನೆಯಲ್ಲಿ, ವಾಕ್ಯಗಳ ಮಟ್ಟದಲ್ಲಿ, ಹೇಗೆ ಗುರುತು ಮೂಡಿಸುತ್ತದೆ ಎಂಬುದು ಇನ್ನಷ್ಟು ಸೂಕ್ಷ್ಮವಾದ ಓದನ್ನು ಬೇಡುತ್ತದೆ.

ಓಕ್ಲಹೋಮ ರಾಜ್ಯದ ಟಲ್ಸಾ ನಗರದ ಹಿಂಟನ್ ಅವರು ‘ದಿ ಔಟ್‌ಸೈಡರ್ಸ್’ ಕಾದಂಬರಿಯನ್ನು ಹೈಸ್ಕೂಲಿನಲ್ಲಿ ಓದುತ್ತಿರುವಾಗಲೇ ಬರೆದರು; ಅದು ಪ್ರಕಟವಾದಾಗ ಅವರಿಗೆ ಹದಿನೆಂಟು ವರ್ಷ. ಹದಿನಾಲ್ಕು ವರ್ಷದ ಪೋನಿಬಾಯ್ ಕರ್ಟಿಸ್ ಇದರ ನಿರೂಪಕ. ತಂದೆತಾಯಿ ಅಪಘಾತದಲ್ಲಿ ತೀರಿಹೋದ ಬಳಿಕ ಇಪ್ಪತ್ತರ ಹರೆಯದ ಅಣ್ಣ ಡ್ಯಾರಿ ಅವನನ್ನೂ ನಡುವಣ ಅಣ್ಣ ಸೋಡಾಪಾಪ್‌ನನ್ನೂ ಸಾಕುತ್ತಿರುತ್ತಾನೆ. ಬಡ ಬಡಾವಣೆಯ ಗ್ರೀಸರ್ ಹುಡುಗರಿಗೂ ಸಿರಿವಂತರ ಮಕ್ಕಳಾದ ಸೋಶ್‌ಗಳಿಗೂ ನಡುವಿನ ಹಗೆತನ ಕಥೆಯ ಚೌಕಟ್ಟು. ಮೊದಲ ಅಧ್ಯಾಯದಲ್ಲಿ ಪೋನಿಬಾಯ್ ತನ್ನ ಬಳಗದ ಪ್ರತಿಯೊಬ್ಬನನ್ನೂ ಒಂದೆರಡು ಗುಣಗಳಲ್ಲಿ ಹಿಡಿದು ಓದುಗನಿಗೆ ಪರಿಚಯಿಸುತ್ತಾನೆ: ಡ್ಯಾರಿ ಕಠಿಣ ಮನಸ್ಸಿನವನು, ಡ್ಯಾಲಿ ಕ್ರೂರಿ, ಜಾನಿ ಹೆದರುಪುಕ್ಕಲ. ಇದನ್ನು ಎಳೆಯ ಲೇಖಕಿಯ ಅನನುಭವವೆಂದು ತಳ್ಳಿಹಾಕುವುದು ಸುಲಭ. ಆದರೆ ಮುಂದಿನ ಅಧ್ಯಾಯಗಳು ಈ ಪಟ್ಟಿಯನ್ನು ಒಂದೊಂದಾಗಿ ಸುಳ್ಳುಮಾಡುತ್ತ ಹೋಗುವುದನ್ನು ಗಮನಿಸಿದರೆ, ಹಣೆಪಟ್ಟಿ ಹಚ್ಚುವುದೇ ನಿರೂಪಕನ ವಯಸ್ಸಿನ ಲಕ್ಷಣವೆಂಬುದು ಸ್ಪಷ್ಟವಾಗುತ್ತದೆ. ಉರಿಯುತ್ತಿರುವ ಪಾಳುಚರ್ಚಿನೊಳಗೆ ಮಕ್ಕಳನ್ನು ಉಳಿಸಲು ನುಗ್ಗಿದ ಜಾನಿಯ ಮುಖದಲ್ಲಿ ಭಯದ ಸುಳಿವೇ ಇರುವುದಿಲ್ಲ. ಆಸ್ಪತ್ರೆಯಲ್ಲಿ ಡ್ಯಾರಿ ಅತ್ತಾಗ, ಅವನ ಗದರಿಕೆಯೆಲ್ಲ ಇನ್ನೊಬ್ಬರನ್ನೂ ಕಳೆದುಕೊಳ್ಳುವ ದಿಗಿಲಿನಿಂದ ಹುಟ್ಟಿದ್ದೆಂದು ತಮ್ಮನಿಗೆ ತಟ್ಟನೆ ಹೊಳೆಯುತ್ತದೆ. ಡ್ಯಾರಿಯಲ್ಲಿ ಯಾವ ಬದಲಾವಣೆಯೂ ಆಗಿರುವುದಿಲ್ಲ, ಅವನನ್ನು ನೋಡುವ ಕಣ್ಣು ಬದಲಾಗಿರುತ್ತದೆ. ಅಣ್ಣನ ಗುಣಪ್ರಕಾಶನವೇ ತಮ್ಮನ ವಿಕಾಸವಾಗಿ ಪರಿಣಮಿಸುವ ಈ ಹೊಂದಾಣಿಕೆ ಕಾದಂಬರಿಯ ಕಟ್ಟಡದ ಮೂಲತತ್ತ್ವ.

ಆದರೂ ಪೋನಿಬಾಯ್ ತನ್ನ ಸ್ವಂತ ಗುಣವನ್ನು ಗುರುತಿಸಲಾರ. ಜಾನಿ ಮತ್ತು ಡ್ಯಾಲಿ ಇಬ್ಬರೂ ಸತ್ತ ಮೇಲಿನ ಒಂದು ಸಣ್ಣ ಪ್ರಸಂಗದಲ್ಲಿ, ಬೆದರಿಸಲು ಬಂದ ಸೋಶ್‌ಗಳಿಗೆ ಅವನು ಒಡೆದ ಬಾಟಲಿ ಹಿಡಿದು ಎದುರಾಗುತ್ತಾನೆ. ಅವರು ಹೊರಟುಹೋದ ಬಳಿಕ, ಯಾರದೋ ವಾಹನದ ಟೈರು ಪಂಕ್ಚರ್ ಆದೀತೆಂದು ಬಗ್ಗಿ ಗಾಜಿನ ಚೂರುಗಳನ್ನು ಆರಿಸತೊಡಗುತ್ತಾನೆ. ಇವನೂ ಡ್ಯಾಲಿಯಂತೆ ಕಲ್ಲಾಗಿಬಿಟ್ಟನೇನೋ ಎಂದು ಅಂಜಿದ್ದ ಬಳಗದ ಗೆಳೆಯ ಟೂ-ಬಿಟ್‌ಗೆ ಅದನ್ನು ಕಂಡು ನೆಮ್ಮದಿಯಾಗುತ್ತದೆ. ಆ ನೆಮ್ಮದಿಗೆ ಕಾರಣವೇನೆಂದು ಪೋನಿಬಾಯ್‌ಗೆ ಮಾತ್ರ ತಿಳಿಯುವುದಿಲ್ಲ. ಉತ್ತಮ ಪುರುಷ ನಿರೂಪಣೆ, ಅಂದರೆ ‘ನಾನು’ ಎಂದು ಹೇಳಿಕೊಳ್ಳುವ ಪಾತ್ರವೇ ಕಥೆ ಹೇಳುವ ಕ್ರಮ, ಕೊಡಬಹುದಾದ ಅತಿ ಬೆಲೆಯುಳ್ಳ ಫಲ ಇದು: ಹೇಳುವವನಿಗೆ ಅರ್ಥವಾಗದ್ದು ಅವನ ಮಾತಿನ ಮೂಲಕವೇ ಓದುಗನಿಗೆ ಅರ್ಥವಾಗುತ್ತದೆ. ಗುಣವನ್ನು ಗುಣವಾಚಕದಲ್ಲಿ ಹೇಳದೆ ಕೈಯ ಕೆಲಸದಲ್ಲಿ ಕಾಣಿಸಿರುವ ಈ ಪ್ರಸಂಗ ಇಡೀ ಕಾದಂಬರಿಯಲ್ಲಿಯೇ ಅತ್ಯಂತ ಪಕ್ವವಾದದ್ದು. ಜಾನಿ ಬಿಟ್ಟುಹೋದ ಪತ್ರವನ್ನು ಓದಿದ ಮೇಲೆ ಪೋನಿಬಾಯ್ ಇಂಗ್ಲಿಷ್ ಮೇಷ್ಟರಾದ ಸೈಮ್ ಅವರಿಗೆ ಫೋನ್ ಮಾಡಿ, ತಾನು ಬರೆಯಬೇಕಿದ್ದ ಪ್ರಬಂಧ ಎಷ್ಟು ಉದ್ದವಿರಬಹುದೆಂದು ಕೇಳುತ್ತಾನೆ. ಅವನು ಬರೆಯತೊಡಗುವ ವಾಕ್ಯವೇ ಕಾದಂಬರಿಯ ಮೊದಲ ವಾಕ್ಯವಾಗಿರುವುದರಿಂದ, ಓದುಗನು ಓದಿ ಮುಗಿಸಿದ ಪುಸ್ತಕವೇ ಪಾತ್ರದ ಬೆಳವಣಿಗೆಯ ಪುರಾವೆಯಾಗುತ್ತದೆ. ಗಾಜು ಆರಿಸುವಾಗ ಅರಿವಿಲ್ಲದೆ ತೋರಿದ ಕಾಳಜಿ ಇಲ್ಲಿ, ತನ್ನಂಥ ಹುಡುಗರಿಗಾಗಿ ಬರೆಯಬೇಕೆಂಬ ಅರಿತ ನಿರ್ಧಾರವಾಗಿ ಮೇಲೇಳುತ್ತದೆ.

ಮೂರು ದಶಕಗಳ ನಂತರ ಬಂದ ‘ಸ್ಪೀಕ್’ ಇದೇ ತಂತ್ರವನ್ನು ಇನ್ನಷ್ಟು ಕಠಿಣವಾದ ಪರಿಸ್ಥಿತಿಯಲ್ಲಿ ಒರೆಗೆ ಹಚ್ಚುತ್ತದೆ. ಬೇಸಿಗೆ ರಜೆಯ ಕೊನೆಯಲ್ಲಿ ನಡೆದ ಪಾರ್ಟಿಯೊಂದರಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬನ ಅತ್ಯಾಚಾರಕ್ಕೆ ಒಳಗಾದ ಮೆಲಿಂಡಾ ಸೊರ್ಡಿನೊ ಪೊಲೀಸರಿಗೆ ಫೋನ್ ಮಾಡಿರುತ್ತಾಳೆ, ಆದರೆ ಏನಾಯಿತೆಂದು ಹೇಳಲಾರದೆ ಹೋಗುತ್ತಾಳೆ. ಪಾರ್ಟಿ ಕೆಡಿಸಿದವಳೆಂದು ಸ್ನೇಹಿತೆಯರೆಲ್ಲ ಅವಳನ್ನು ದೂರವಿಟ್ಟಿರುವಾಗ ಅವಳ ಹೈಸ್ಕೂಲಿನ ಮೊದಲ ವರ್ಷ ಆರಂಭವಾಗುತ್ತದೆ. ಶಾಲೆಯ ನಾಲ್ಕು ಅಂಕಾವಧಿಗಳಂತೆ ಕಾದಂಬರಿಯನ್ನೂ ನಾಲ್ಕು ಭಾಗ ಮಾಡಲಾಗಿದೆ. ಸಂಸ್ಥೆ ತನ್ನ ಪ್ರಗತಿಪತ್ರದಲ್ಲಿ ಅಳೆಯುವ ಬೆಳವಣಿಗೆಯೂ ಪಾತ್ರದ ನಿಜವಾದ ಬೆಳವಣಿಗೆಯೂ ಎದುರುಬದುರಾಗಿ ನಿಲ್ಲುವಂತೆ ಈ ರಚನೆ ಮಾಡುತ್ತದೆ. ಕೆಲವು ಸಂಭಾಷಣೆಗಳನ್ನು ನಾಟಕದ ಮಾದರಿಯಲ್ಲಿ ಅಚ್ಚುಮಾಡಿ, ಮೆಲಿಂಡಾ ಮಾತಾಡಬೇಕಾದ ಕಡೆ ಖಾಲಿ ಜಾಗ ಬಿಡಲಾಗಿದೆ.

ಮೆಲಿಂಡಾ ಮೂಕಳಾಗಿದ್ದು ಕೊನೆಯಲ್ಲಿ ಧೈರ್ಯ ಗಳಿಸಿದಳು ಎಂಬ ಸಾಮಾನ್ಯ ಓದು ಈ ಕೃತಿಗೆ ನ್ಯಾಯ ಒದಗಿಸುವುದಿಲ್ಲ. ಮೊದಲ ಪುಟದಿಂದಲೇ ಓದುಗನಿಗೆ ಕೇಳಿಸುವ ದನಿ ಹರಿತವಾದದ್ದು, ಕುಟುಕುವಂಥದ್ದು, ಶಿಕ್ಷಕರ ಸೋಗನ್ನೂ ಶಾಲೆಯ ಗುಂಪುಗಾರಿಕೆಯನ್ನೂ ಒಂದೇ ನೋಟಕ್ಕೆ ಸೀಳಿಹಾಕುವಂಥದ್ದು. ತುಟಿ ಕಚ್ಚಿ ಗಾಯಮಾಡಿಕೊಂಡ ಹುಡುಗಿಯನ್ನಷ್ಟೇ ಶಾಲೆ ಕಾಣುತ್ತದೆ. ಪ್ರತಿಭಟನೆಯ ಬುದ್ಧಿ ಅವಳಲ್ಲಿ ಆಗಲೇ ಎಚ್ಚರವಾಗಿದೆಯೆಂಬುದು ಓದುಗನಿಗೆ ಮಾತ್ರ ಗೊತ್ತಿರುತ್ತದೆ. ಹೀಗೆ ಧೈರ್ಯವು ಮೆಲಿಂಡಾಳಿಗೆ ಹೊರಗಿನಿಂದ ಬಂದು ಸೇರುವ ಹೊಸ ಗುಣವಲ್ಲ. ನಿರೂಪಣೆಯ ಒಳಗೆ ಸೆರೆಯಾಗಿದ್ದ ದನಿ ಸಂಭಾಷಣೆಗೆ ದಾಟುವ ದೀರ್ಘವಾದ, ನೋವಿನ ಹಾದಿಯೇ ಈ ಕಾದಂಬರಿಯ ಕಥಾನಕ. ತನ್ನ ಮೇಲೆರಗಿದವನನ್ನು ಅವಳು ಬಹುಕಾಲ ಹೆಸರಿಸದೆ, ವಸ್ತುವನ್ನು ಕುರಿತು ಹೇಳುವಂತೆ ‘ಅದು’ ಎಂದೇ ಸೂಚಿಸುತ್ತಾಳೆ. ಆ್ಯಂಡಿ ಇವಾನ್ಸ್ ಎಂಬ ಹೆಸರನ್ನು ಓದುಗನಿಗೆ ಹೇಳುವುದು, ಶೌಚಾಲಯದ ಗೋಡೆಯ ಮೇಲೆ ಬರೆಯುವುದು, ಹಳೆಯ ಗೆಳತಿ ರೇಚಲ್‌ಗೆ ಗ್ರಂಥಾಲಯದಲ್ಲಿ ಚೀಟಿ ಬರೆದು ತಿಳಿಸುವುದು, ಕೊನೆಗೆ ಅವನ ಮುಖಕ್ಕೇ ಒಲ್ಲೆನೆಂದು ಕೂಗುವುದು ಈ ದಾಟುವಿಕೆಯ ಮೆಟ್ಟಿಲುಗಳು. ನಡುವೆ ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯರ ಬಗ್ಗೆ ತಾನೇ ಬರೆದ ವರದಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲು ಮೆಲಿಂಡಾ ಒಪ್ಪುವುದಿಲ್ಲ. ಆ ಮಹಿಳೆಯರು ಹೋರಾಡಿದ್ದೇ ಮಾತಾಡುವುದಕ್ಕಾಗಿ ಎಂದು ಸಹಪಾಠಿ ಡೇವಿಡ್ ನೆನಪಿಸಿದಾಗ, ಅವಳ ಮೌನ ಪ್ರತಿಭಟನೆಯೋ ಸೋಲೋ ಎಂಬ ಪ್ರಶ್ನೆ ಅವಳ ಮುಂದೆಯೇ ಬಂದು ನಿಲ್ಲುತ್ತದೆ. ಹದಿಹರೆಯದ ಕಾದಂಬರಿಯಲ್ಲಿ ಸಮವಯಸ್ಕರು ವಹಿಸುವ ಪಾತ್ರ ಇಂಥದ್ದು: ಅವರು ಉತ್ತರ ಕೊಡುವುದಿಲ್ಲ, ಪಾತ್ರಕ್ಕೆ ತನ್ನ ಗುಣವನ್ನು ಪ್ರಶ್ನೆಯಾಗಿ ಎದುರಿಸಬೇಕಾದ ಅನಿವಾರ್ಯತೆಯನ್ನು ತರುತ್ತಾರೆ. ಚಿತ್ರಕಲಾ ಶಿಕ್ಷಕ ಫ್ರೀಮನ್ ವರ್ಷವಿಡೀ ಮರವೊಂದನ್ನೇ ಚಿತ್ರಿಸುವಂತೆ ಅವಳಿಗೆ ವಹಿಸಿದ ಕೆಲಸವೂ ಮಾತಿಗೆ ಮುಂಚಿನ ಮಾತಾಗಿ ದುಡಿಯುತ್ತದೆ.

ಈ ಎರಡು ಕೃತಿಗಳಿಂದ ಹೊರಟ ಸೂತ್ರಕ್ಕೆ ‘ದಿ ಚಾಕೊಲೇಟ್ ವಾರ್’ ಗಂಭೀರವಾದ ತಡೆ ಒಡ್ಡುತ್ತದೆ. ಕಾರ್ಮಿಯರ್ ಅವರ ಮಗ ಶಾಲೆಯ ನಿಧಿಸಂಗ್ರಹಕ್ಕಾಗಿ ಚಾಕೊಲೇಟ್ ಮಾರಲು ನಿರಾಕರಿಸಿದ ಘಟನೆಯಿಂದ ಇದರ ಬೀಜ ಮೊಳೆಯಿತು. ಮಗನ ಶಾಲೆಯಲ್ಲಿ ಅನಾಹುತವೇನೂ ಆಗಲಿಲ್ಲ, ಅನಾಹುತದ ಸಾಧ್ಯತೆಯನ್ನು ಲೇಖಕರು ಕಲ್ಪಿಸಿದರು. ಟ್ರಿನಿಟಿ ಎಂಬ ಕ್ಯಾಥೊಲಿಕ್ ಶಾಲೆಯಲ್ಲಿ ಬ್ರದರ್ ಲಿಯೊನ್ 20,000 ಪೆಟ್ಟಿಗೆ ಚಾಕೊಲೇಟನ್ನು ವಿದ್ಯಾರ್ಥಿಗಳ ಕೈಯಿಂದ ಮಾರಿಸಲು ಹೊರಟಾಗ, ವಿಜಿಲ್ಸ್ ಎಂಬ ಗುಪ್ತಕೂಟ ಹೊಸ ವಿದ್ಯಾರ್ಥಿ ಜೆರ್ರಿ ರೆನೊಗೆ ಹತ್ತು ದಿನ ಮಾರಾಟಕ್ಕೆ ಒಲ್ಲೆನೆನ್ನಬೇಕೆಂದು ಅಪ್ಪಣೆ ಮಾಡುತ್ತದೆ. ಹತ್ತು ದಿನ ಕಳೆದ ಮೇಲೂ ಅವನು ಒಲ್ಲೆನೆಂದೇ ಹೇಳುತ್ತಾನೆ. ಏಕೆಂಬುದು ಅವನಿಗೆ ಗೊತ್ತಿರುವುದಿಲ್ಲ.

ಇಲ್ಲಿ ‘ನಾನು’ ಎಂಬ ನಿರೂಪಕನಿಲ್ಲ. ಪ್ರಥಮ ಪುರುಷ ನಿರೂಪಣೆ ಅಧ್ಯಾಯದಿಂದ ಅಧ್ಯಾಯಕ್ಕೆ ಜೆರ್ರಿ, ಗುಪ್ತಕೂಟದ ಆರ್ಚಿ, ಜೆರ್ರಿಯ ಗೆಳೆಯ ಗೂಬರ್, ಓಬಿ, ಜಾನ್ಜಾ ಎಂದು ಬೇರೆ ಬೇರೆ ಮನಸ್ಸುಗಳ ಒಳಹೊಕ್ಕು ಹೊರಬರುತ್ತದೆ. ತಾಯಿ ಕ್ಯಾನ್ಸರಿನಿಂದ ತೀರಿಹೋದದ್ದು, ಔಷಧಿ ಅಂಗಡಿಯ ಕೆಲಸದಲ್ಲಿ ತಂದೆಯ ಬದುಕು ಬಣ್ಣಗೆಟ್ಟದ್ದು, ಎಲ್ಲಕ್ಕೂ ಚೆನ್ನಾಗಿದೆ ಎಂದಷ್ಟೇ ಉತ್ತರಿಸುವ ತಂದೆಯಂತೆ ತಾನೂ ಆದೇನೆಂಬ ಅಳುಕು, ಇವುಗಳನ್ನು ಜೋಡಿಸಿದರೆ ನಿರಾಕರಣೆಯ ಕಾರಣ ಓದುಗನಿಗೆ ಸಿಗುತ್ತದೆ. ಜೆರ್ರಿಗೆ ಆ ಜೋಡಣೆಯ ಅವಕಾಶವನ್ನು ಕಾದಂಬರಿ ಕೊಡುವುದಿಲ್ಲ. ಅವನ ‘ಒಲ್ಲೆ’ಯನ್ನು ಮೊದಲು ಗುಪ್ತಕೂಟ ಬಳಸಿಕೊಳ್ಳುತ್ತದೆ, ಬಳಿಕ ಕೆಲವು ವಿದ್ಯಾರ್ಥಿಗಳು ಅದನ್ನು ಸಾಹಸವೆಂದು ಹೊಗಳುತ್ತಾರೆ, ಕೊನೆಗೆ ಲಿಯೊನ್ ಮತ್ತು ಆರ್ಚಿ ಸೇರಿ ಅದನ್ನು ದ್ರೋಹವೆಂದು ಬಿಂಬಿಸುತ್ತಾರೆ, ಗುಣ ಅವನದು, ಅದರ ಅರ್ಥ ಸದಾ ಇತರರ ವಶದಲ್ಲಿ. ಪ್ರತಿಭಟನೆಯನ್ನು ಬೆಳವಣಿಗೆಯೆಂದು ಕಣ್ಣುಮುಚ್ಚಿ ಸಮೀಕರಿಸುವ ವಿಮರ್ಶೆ ಇಲ್ಲಿ ಎಡವುತ್ತದೆ.

ಹಾಗಾದರೆ ಪೋನಿಬಾಯ್ ಮತ್ತು ಮೆಲಿಂಡಾರಿಗೆ ಒದಗಿದ್ದು ಜೆರ್ರಿಗೆ ಏಕೆ ಒದಗಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಅವನ ಧೈರ್ಯ ಅವರದಕ್ಕಿಂತ ಕಡಿಮೆಯಾದದ್ದೇನಲ್ಲ. ಸೈಮ್ ಮೇಷ್ಟರು ಮತ್ತು ಫ್ರೀಮನ್ ಇಬ್ಬರೂ ಸಂಸ್ಥೆಯ ಒಳಗಿದ್ದುಕೊಂಡೇ ಕೇಳುವ ಕಿವಿಗಳಾಗಿದ್ದರು. ಒಬ್ಬರು ಪ್ರಬಂಧಕ್ಕೆ ಉದ್ದದ ಮಿತಿ ಹಾಕಲಿಲ್ಲ, ಇನ್ನೊಬ್ಬರು ಮಾತು ಬರುವವರೆಗೆ ಕಾದರು. ಟ್ರಿನಿಟಿಯಲ್ಲಿ ಅಂಥ ಹಿರಿಯರಿಲ್ಲ. ಕೊನೆಯಲ್ಲಿ ಗುಪ್ತಕೂಟ ಏರ್ಪಡಿಸಿದ, ಜೆರ್ರಿ ಏಟು ತಿನ್ನುವ ಕಾಳಗದ ಕಣದ ದೀಪವನ್ನು ಶಿಕ್ಷಕ ಬ್ರದರ್ ಜ್ಯಾಕ್ ಆರಿಸಿದ್ದು ತೀರ ತಡವಾಗಿ. ಆರ್ಚಿಯನ್ನು ಅವರು ತರಾಟೆಗೆ ತೆಗೆದುಕೊಂಡಾಗ ಲಿಯೊನ್ ಅವನ ಬೆನ್ನಿಗೆ ನಿಲ್ಲುತ್ತಾನೆ. ಹೇಳುವ ಶಕ್ತಿ ಪಾತ್ರದ ಒಳಗಿನಿಂದ ಮಾತ್ರ ಹುಟ್ಟುವುದೆಂಬ ತಿಳಿವಳಿಕೆಯನ್ನು ಕಾರ್ಮಿಯರ್ ಅವರ ಕೃತಿ ಹೀಗೆ ತಿದ್ದುತ್ತದೆ, ಕೇಳುವವರಿಲ್ಲದ ಕಡೆ ಗುಣ ಇದ್ದೂ ಬೆಳೆಯಲಾರದು ಎಂಬುದನ್ನು ಮುಂದಿಡುತ್ತದೆ. ಪ್ರಕಟಣೆಗೆ ಮುನ್ನ ಕೊನೆಯನ್ನು ಬದಲಿಸಬೇಕೆಂಬ ಪ್ರಕಾಶಕರ ಒತ್ತಡಕ್ಕೆ ಕಾರ್ಮಿಯರ್ ಮಣಿಯಲಿಲ್ಲ. ಈ ದೃಷ್ಟಿಯಿಂದ ನೋಡಿದರೆ ಆ ಹಟ ಕಲಾತ್ಮಕವಾಗಿ ಸರಿಯಾದದ್ದೇ. ಕೊನೆಯ ಹೊತ್ತಿಗೆ ಜೆರ್ರಿಗೂ ಒಂದು ಅರಿವು ಮೂಡಿರುತ್ತದೆ, ಎದುರು ನಿಲ್ಲಬೇಡ, ಅವರು ಹೇಳಿದಂತೆ ಮಾಡಿಬಿಡು ಎಂದು ಗೂಬರ್‌ಗೆ ತಿಳಿಸಲು ಅವನು ಹಾತೊರೆಯುತ್ತಾನೆ, ಆದರೆ ಏಟು ತಿಂದು ಜರ್ಝರಿತವಾದ ಬಾಯಿಂದ ಆ ಮಾತೂ ಹೊರಡುವುದಿಲ್ಲ.